ಎರಡು ಏರ್‌ಬ್ಯಾಗು, ಒಂದೇ ಪೈಪು

"ಸೈನ್ ಹಾಕಿ ಸರ್. ಇಲ್ಲಾಂದ್ರೆ ಲಾರಿ ಮುಂದೆ ತಗೊಳ್ತೀನಿ. ಆಮೇಲೆ ಈ ರಾಶಿಗೆ ಒಂದು ಹಾರೆ ಹಾಕಿದ್ರೆ ಸಾಕು... ದಿಮ್ಮಿ ಎಲ್ಲಾ ಗುಂಡಿಗೆ. ಆಕ್ಸಿಡೆಂಟ್!"

ಗುಂಡಿಯಲ್ಲಿದ್ದವನು ನಾನು.

ಜಾವಳಿ ಊರಿನ ಲಾರಿ ಶೆಡ್ಡು. ರಿಪೇರಿ ಗುಂಡಿ. ಮೊಣಕಾಲುದ್ದ ನೀರು. ತಲೆಯ ಮೇಲೆ ಲಾರಿ, ಅದರ ತುಂಬ ಸಿಲ್ವರ್ ಓಕ್ ದಿಮ್ಮಿ. ಎರಡೂ ಪಕ್ಕ ದಿಮ್ಮಿಯ ರಾಶಿ. ಮೆಟ್ಟಿಲ ಬಾಯಿಗೂ ಒಂದು ದಿಮ್ಮಿ ಉರುಳಿಸಿ, ಅದರ ಮೇಲೆ ಕುಳಿತಿದ್ದ ಮಾಲೀಕ ಶಶಿಧರ್.

ಹಾರೆ ಹಿಡಿದೂ 'ಸರ್' ಎನ್ನುತ್ತಾನೆ! ಮರ್ಯಾದಸ್ಥ.

ಮೊಬೈಲ್ ನೋಡಿದೆ. ನೆಟ್‌ವರ್ಕ್ ಇಲ್ಲ. ಈ ಕಡೆ ಗುಡ್ಡ ಹತ್ತಿದರೇ ಸಿಗದ್ದು ಗುಂಡಿಯಲ್ಲಿ ಸಿಕ್ಕೀತೇ?

ನನ್ನ ಕೆಲಸ ಇಷ್ಟೇ. ಲಾರಿ ಯಾಕೆ ಮಗುಚಿತು ಎಂದು ಪತ್ತೆ ಹಚ್ಚಿ ವರದಿಗೆ ಸೈನ್ ಹಾಕುವುದು. ಈ ಸಲ ಕಳಿಸಿದವಳು ಬುಷ್ರಾ. ಅವಳ ಗಂಡ ವಸೀಮ್ ಇದೇ ಶಶಿಧರನ ಡ್ರೈವರ್. ಕಳಸ ರಸ್ತೆಯ ತಿರುವಿನಲ್ಲಿ ಲಾರಿ ಮಗುಚಿ ಲೋಡರ್ ಒಬ್ಬ ಸತ್ತ. ಅತಿವೇಗ ಎಂದು ಮಾಲೀಕನೇ ದೂರು ಕೊಟ್ಟ. ವಸೀಮ್ ಜೈಲು ಸೇರಿದ.

"ನಮ್ಮವ್ರದ್ದು ಸ್ಪೀಡಾ ಅಣ್ಣ? ಹಿಂದಿರೋ ಟ್ರ್ಯಾಕ್ಟರ್‌ನವ್ರೂ ಬೈತಾರೆ ಅವ್ರಿಗೆ!" ಎಂದಿದ್ದಳು ಬುಷ್ರಾ.

ಮಗುಚಿದ ಲಾರಿ ಆಗಲೇ ಗುಜರಿಗೆ ಹೋಗಿತ್ತು. ಅದರ ಜೋಡಿ ಈಗ ನನ್ನ ತಲೆಯ ಮೇಲೆ. ಎರಡಕ್ಕೂ ಒಂದೇ ದಿನ, ಇದೇ ಶೆಡ್ಡಿನಲ್ಲಿ, ಹಿಂದಿನ ಆಕ್ಸಲ್ ಮೇಲೆ, ಬಾಡಿಯನ್ನು ಎತ್ತಿ ಹಿಡಿಯುವ ಏರ್‌ಬ್ಯಾಗ್ ಕೂರಿಸಿದ್ದರು.

ಯಾಕೆ ಗೊತ್ತೆ? ಘಾಟಿಯ ಗೇಟಿನಲ್ಲಿ ತಕ್ಕಡಿ ಇಲ್ಲ. ಕೈ ಇದೆ! ಹಿಂದಿನ ಟಯರಿಗೂ ಬಾಡಿಗೂ ನಡುವೆ ಗೇಟಿನವನ ಅಂಗೈ ಅಡ್ಡಡ್ಡ ಹೊಕ್ಕರೆ ಲೋಡು ಸರಿ... ಹೋಗು!

ಹಾಗಾಗಿ ಏರ್‌ಬ್ಯಾಗ್ ಹಾಕಿಸುವಾಗ ಆಕ್ಸಲ್ ಎಷ್ಟು ಭಾರ ತಡೆಯುತ್ತದೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಸೋತ ಕಮಾನು ಪಟ್ಟಿಗಳ ಬಳಿ ಎಡಕ್ಕೊಂದು, ಬಲಕ್ಕೊಂದು ರಬ್ಬರ್ ಚೀಲ. ಗಾಳಿ ತುಂಬಿದರೆ ಲಾರಿಯ ಹಿಂಭಾಗ ಮದುಮಗನ ಹಾಗೆ ನೆಟ್ಟಗೆ!

ಮೇಲಕ್ಕೆ ಟಾರ್ಚ್ ಹಾಕಿದೆ. ಕಂಡಿತು. ಎರಡೂ ಚೀಲಕ್ಕೆ ಸೇರಿ ಒಂದೇ ಪೈಪು. ನಡುವೆ ಮೂರು ಬಾಯಿಯ ಟೀ ಜಾಯಿಂಟ್.

"ಯಾರು ಫಿಟ್ ಮಾಡಿದ್ದು?"

"ನಾನೇ. ವೀಡಿಯೋ ನೋಡಿ."

"ಅದ್ರಲ್ಲಿ ಎರಡು ಪೈಪ್ ಇರ್ಲಿಲ್ವಾ?"

"ಒಂದ್ರಲ್ಲೇ ಆಗುತ್ತಲ್ಲ ಮಾರಾಯ್ರೆ!"

ಆಗುತ್ತದೆ... ನೇರ ರಸ್ತೆಯಲ್ಲಿ. ತಿರುವಿನಲ್ಲಿ ಭಾರ ಹೊರಬದಿಗೆ ವಾಲುತ್ತದೆ. ಆ ಚೀಲ ಹಿಂಡಿಕೊಂಡು, ಅದರ ಗಾಳಿ ಒಳಬದಿಯ ಚೀಲಕ್ಕೆ ಓಡುತ್ತದೆ. ಕುಸಿಯುವ ಬದಿ ಇನ್ನಷ್ಟು ಕುಸಿಯುತ್ತದೆ. ಏಳುವ ಬದಿ ಇನ್ನಷ್ಟು ಏಳುತ್ತದೆ.

ಲಾರಿ ಮಗುಚಿಸಿದ್ದು ವಸೀಮ್ ಅಲ್ಲ. ಈ ಪೈಪು!

"ಸೈನ್ ಸರ್! ಡ್ರೈವರ್ ತಪ್ಪು ಅಂತ. ಒಂದೇ ಲೈನ್!"

"ಪೆನ್ ನೀರಿಗೆ ಬಿತ್ತು."

"ಹೌದಾ? ನೀವೇ ಹುಡುಕ್ಕೊಳ್ಳಿ ಹಾಗಾದ್ರೆ."

ಎದ್ದು ಹೋದ. ಕ್ಯಾಬಿನ್ ಬಾಗಿಲು ಬಡಿಯಿತು. ಮೆಟ್ಟಿಲಿಗೆ ಹಾರಿ ದಿಮ್ಮಿಗೆ ಹೆಗಲು ಕೊಟ್ಟೆ. ಹೆಗಲು ಅಲುಗಿತು, ದಿಮ್ಮಿ ಅಲುಗಲಿಲ್ಲ.

ಎಂಜಿನ್ ಶುರುವಾಯಿತು.

ಲಾರಿಯೇ ನನ್ನ ಸೂರು. ಅದು ಹೋದರೆ ನಾನೂ ಹೋದೆ!

ಚಾಕು ತೆಗೆದೆ. ಪೈಪು ಕೊಯ್ದೆ. ಭುಸ್ಸ್...

ನೀರಿಗೆ ಅಂಗಾತ ಬಿದ್ದೆ. ಚಾಸಿ ಮೂಗಿನ ಕಡೆಗೆ ಇಳಿದು ಬಂತು. ನಿಂತಿತು. ಎರಡು ಪೈಪು ಹಾಕಿದ್ದರೆ ಒಂದು ಬದಿ ಮಾತ್ರ ಕುಸಿಯುತ್ತಿತ್ತು. ಒಂದೇ ಆದ್ದರಿಂದ ಎರಡೂ ಕುಸಿದವು. ಬಾಡಿ ಟಯರುಗಳ ಮೇಲೆ ಕುಳಿತೇಬಿಟ್ಟಿತು!

ಶಶಿಧರ್ ಆಕ್ಸಿಲರೇಟರ್ ತುಳಿದ. ಟಯರ್ ಕಿರುಚಿತು. ಹೊಗೆ! ಲಾರಿ ಒಂದು ಗೇಣೂ ಕದಲಲಿಲ್ಲ.

ಆ ಕಿರುಚಾಟಕ್ಕೆ ಎದುರಿನ ಕಾಫಿ ಕಣದಿಂದ ಲೋಡರ್ ಗ್ಯಾಂಗು ಓಡಿ ಬಂತು. ಮುಂದೆ ಮೇಸ್ತ್ರಿ ತಂಗಮ್ಮ.

"ಏನ್ ಶಶಿಯಣ್ಣ, ಟಯರ್ ಹುರೀತಿದೀರಾ?... ಅಯ್ಯೋ! ಗುಂಡೀಲಿ ಯಾರೋ ಇದಾರೆ!"

"ಅಮ್ಮಾ, ಕಳಸ ರಸ್ತೇಲಿ ಸತ್ತೋನು ನಿಮ್ಮ ಗ್ಯಾಂಗಾ?" ಒಳಗಿಂದಲೇ ಕೂಗಿದೆ.

"ನನ್ ತಮ್ಮ."

"ಅವನನ್ನ ಕೊಂದಿದ್ದು ನನ್ನ ಕೈಲಿದೆ. ಬಗ್ಗಿ ನೋಡಿ. ಆಮೇಲೆ ಶೆಡ್ ಬಾಗಿಲು ಹಾಕಿ... ಒಳಗಿಂದ!"

ಬಗ್ಗಿ ನೋಡಿದಳು. ಟೀ ಜಾಯಿಂಟ್ ಏನೆಂದು ಎರಡೇ ಮಾತಿನಲ್ಲಿ ಹೇಳಿದೆ. ಬಾಗಿಲು ಬಿತ್ತು. ಎಂಟು ಜನ ಕ್ಯಾಬಿನ್ ಸುತ್ತ ನಿಂತರು. ಶಶಿಧರ್ ಗಾಜು ಏರಿಸಿಕೊಂಡ.

ದಿಮ್ಮಿ ಸರಿಸಿ ನಾನು ಹೊರಬರಲು ಹತ್ತು ನಿಮಿಷ ಹಿಡಿಯಿತು. ವಸೀಮ್ ಜೈಲಿಂದ ಹೊರಬರಲು ಹನ್ನೊಂದು ದಿನ.

ಅವನ ಜಾಗಕ್ಕೆ ಹೋದ ಶಶಿಧರ್ ಇನ್ನೂ ಬಂದಿಲ್ಲ.