ದಂಪತಿ ಕೈಗೇ ಕೊಡುವ ಜಾಗ

ಮಹಾಂತೇಶ್ ಕೈಯೊಡ್ಡಿದರೆ ಸಾಕು, ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಗಲ್ಲಾಪೆಟ್ಟಿಗೆ ಹೊತ್ತು ತಾವಾಗೇ ಅವನ ಹಿಂದೆ ನಡೆದು ಬರುತ್ತಿದ್ದವು. ಅವನಿಗೆ ‘ಇಲ್ಲ’ ಅಂದ ಮನುಷ್ಯ ಈ ಭೂಮಿ ಮೇಲೆ ಇನ್ನೂ ಹುಟ್ಟಿರಲಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುವ ಟ್ರಸ್ಟಿಗೆ ದೊಡ್ಡ ದಾನಿಗಳನ್ನು ಹುಡುಕುವುದು ಅವನ ಕೆಲಸ. ಕಲ್ಪವೃಕ್ಷ ಕೂಡ ಅವನನ್ನು ಕಂಡರೆ ಮರೆಗೆ ಸರಿಯುತ್ತಿತ್ತು.

ಇಂಥ ವೀರನ ಮೊಣಕಾಲು ಆ ಬೆಳಿಗ್ಗೆ ಪರಶುರಾಂಪುರದ ಒಂದು ಪಡಸಾಲೆಯಲ್ಲಿ ಒಂದು ಕ್ಷಣವೂ ಸುಮ್ಮನಿರಲಿಲ್ಲ. ಪಕ್ಕದಲ್ಲಿ ಕೂತಿದ್ದಳು ಚೌಡೇಶ್ವರಿ. ಮೊಳಕಾಲ್ಮೂರಿನ ನೇಕಾರರ ಮಗಳು, ಅದೇ ಟ್ರಸ್ಟಿನಲ್ಲಿ ಅವನ ಜೊತೆ ಕೆಲಸ. ಸೋಮವಾರದಿಂದ ಅವಳಿಗೆ ಬಳ್ಳಾರಿ ಆಫೀಸು. ಅಷ್ಟರೊಳಗೆ ಒಂದು ಮಾತು ಕೇಳಬೇಕೆಂದು ದಾರಿಯುದ್ದಕ್ಕೂ ಬಾಯಿ ತೆರೆದಿದ್ದ. ಪ್ರತಿ ಸಲ ಹಾಸ್ಟೆಲ್ ವಿಷಯವೇ ಹೊರಬಿದ್ದಿತ್ತು.

“ಕಾಲು ಕುಣಿಸಬೇಡ್ರಿ, ಬೆಂಚು ಅಲ್ಲಾಡ್ತೈತೆ,” ಅಂದಳು, ಓರೆಗಣ್ಣಲ್ಲಿ ನಗುತ್ತಾ. ಅವನ ಎದೆ ಹಾರಿದ ಎತ್ತರಕ್ಕೆ ಕುದಾಪುರದ ವಿಮಾನ ಪರೀಕ್ಷಾ ಕೇಂದ್ರದ ಯಾವ ಯಂತ್ರವೂ ಹಾರಿರಲಾರದು.

ಮನೆಯೊಡತಿ ತಿಪ್ಪೇರುದ್ರಮ್ಮ ಮಜ್ಜಿಗೆ ತಂದಿಟ್ಟರು. ಹಾಸ್ಟೆಲ್ ಕಟ್ಟೋಕೆ ರಸ್ತೆ ಪಕ್ಕದ ಜಾಗ ಕೊಡುವ ಮನಸ್ಸಿತ್ತು ಅವರಿಗೆ.

“ನಮ್ಮ ಮನೇಲಿ ಭೂಮಿ ದಾನ ಅಂದ್ರೆ ದಂಪತಿ ಕೈಗೇ ತಾಂಬೂಲ ಇಟ್ಟು ಕೊಡೋದು. ನೀವು ಗಂಡ ಹೆಂಡ್ತೀನಾ?”

“ಹೌದವ್ವಾ!” ಮಹಾಂತೇಶನ ನಾಲಿಗೆ ಅವನಿಗಿಂತ ಮುಂದೆ ಓಡಿತು. “ಮದುವೆ ಊಟಕ್ಕೆ ಬಾಳೆಎಲೆ ಸಾಲದೆ ಆಂಧ್ರದಿಂದ ಲಾರಿ ತರಿಸಿದ್ವಿ!”

ಚೌಡೇಶ್ವರಿಗೆ ಮಜ್ಜಿಗೆ ನೆತ್ತಿಗೇರಿತು. ಅವಳ ಕಿವಿ ಕೆಂಪಾದದ್ದು ಸಿಟ್ಟಿಗೋ ನಾಚಿಕೆಗೋ ಅವನಿಗೆ ತಿಳಿಯಲಿಲ್ಲ.

ತಿಪ್ಪೇರುದ್ರಮ್ಮನ ಕಣ್ಣು ಕೆಳಗಿಳಿಯಿತು. “ಕಾಲುಂಗುರ ಎಲ್ಲಮ್ಮಾ?”

“ಸವೆದಿದ್ವು, ಅಕ್ಕಸಾಲಿಗೆ ಕೊಟ್ಟೀವಿ,” ಅಂದ ಅವನೇ.

“ಸವೆದಿದ್ರೆ ಬೆರಳ ಮೇಲೆ ಗುರುತಿರ್ತೈತೆ ತಮ್ಮಾ. ಈ ಬೆರಳು ಉಂಗುರಾನೇ ಕಂಡಿಲ್ಲ.”

“ಇಂಕ ಚಾಲು!” ಸಿಟ್ಟು ಬಂದರೆ ಚೌಡೇಶ್ವರಿಗೆ ಮನೆಯ ತೆಲುಗೇ ಬರುತ್ತಿತ್ತು. “ಸಾಕು ಮಾಡ್ರಿ. ಸುಳ್ಳು ಹೇಳಿ ತಗೊಂಡ ಜಾಗದಾಗೆ ನಮ್ಮ ಹುಡುಗ್ಯರು ಮಲಗೋದು ಬ್ಯಾಡ.”

ಅವನು ಎದ್ದ, ಕೂತ, ಮತ್ತೆ ಎದ್ದ.

“ಮದುವೆ ಆಗಿಲ್ಲವ್ವಾ. ಜಾಗ ತಪ್ಪಿ ಹೋಗ್ತೈತೆ ಅಂತ ಹೆದರಿಕೆ ಆಯ್ತು. ಅದಕ್ಕಿಂತ ಹೆಚ್ಚಾಗಿ, ಒಂದು ಸಲ ಹಂಗೆ ಹೇಳ್ಕೊಳ್ಳೋ ಆಸೆ ಇತ್ತು.”

“ಜಾಗ ಎಲ್ಲಿಗೂ ಓಡಿ ಹೋಗಲ್ಲ. ದಂಪತಿಯಾಗಿ ಬಂದ ದಿನ ತಾಂಬೂಲ ಕೊಡ್ತೀನಿ. ಊರೆಲ್ಲಾ ಕೇಳ್ಕೊಂಡು ತಿರುಗೋನು, ಈಕೀನ ಯಾಕೆ ಕೇಳ್ಲಿಲ್ಲ ಲೇ?”

ಚೌಡೇಶ್ವರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. “ನಂಗೂ ಅದೇ ಗೊತ್ತಾಗ್ಬೇಕವ್ವಾ. ಚಳ್ಳಕೆರೆಯಿಂದ ಕಾಯ್ತಾ ಬಂದೀನಿ.”

ಮಹಾಂತೇಶನ ದನಿ ಮೊದಲ ಸಲ ಸಣ್ಣದಾಯಿತು.

“ಈ ವರ್ಷ ನಾನು ಹೋದ ಕಡೆಯೆಲ್ಲಾ ‘ಇಲ್ಲ’ ಅಂತಾನೇ ಅಂದ್ರು, ಚೌಡೇಶ್ವರಿ. ಮಿಲ್ಲಿನೋರು, ಅಂಗಡಿಯೋರು, ಒಬ್ಬರೂ ಕೊಟ್ಟಿಲ್ಲ. ಅದನ್ನೆಲ್ಲಾ ತಡ್ಕೊಂಡೆ. ನೀವೂ ಇಲ್ಲ ಅಂದ್ರೆ ತಡ್ಕೊಳ್ಳಾಕಾಗಲ್ಲ ಅಂತ ಕೇಳ್ಲಿಲ್ಲ.”