ನಲವತ್ಮೂರನೆಯ ತೂತು

ಮೇ 13, ಸೋಮವಾರ. ಬೆಳಿಗ್ಗೆ 9.20ಕ್ಕೆ ಪ್ರೊಫೆಸರ್ ಅನ್ಸ್‌ಗರ್ ಫೆಲ್‌ಹಾಯರ್ ಹೈಡೆಬ್ರೋಕ್ ಠಾಣೆಗೆ ದೂರು ತಂದರು. ದೂರು ಏಳು ಪುಟ ಇತ್ತು. ಮೊದಲ ಐದು ಪುಟಗಳಲ್ಲಿ ತಾವು ಯಾರು ಎಂಬುದನ್ನೇ ಬರೆದಿದ್ದರು. ಇನ್ಸ್‌ಪೆಕ್ಟರ್ ವೀಬ್ಕೆ ಟಿಡೆಮಾನ್ ಆರನೆಯ ಪುಟದಿಂದ ಓದಲು ಶುರುಮಾಡಿದಳು.

ಕಳವಾಗಿದ್ದು ಒಂದು ಚರ್ಮದ ಪಟ್ಟಿ. ಹಿಂದೆ ಪುಸ್ತಕ ಬರೆಯಲು ಬಳಸುತ್ತಿದ್ದ ಹದಮಾಡಿದ ಕರುವಿನ ಚರ್ಮ, ಮೂವತ್ತೊಂದು ಸೆಂಟಿಮೀಟರ್ ಉದ್ದ, ಎರಡು ಬೆರಳಗಲ. ಅಂಚಿನುದ್ದಕ್ಕೂ ನಲವತ್ನಾಲ್ಕು ತೂತು. ನಲವತ್ಮೂರನೆಯದು ಮಾತ್ರ ಜೋಡಿ ತೂತು. ಊರಾಚೆಯ ಮಠದಲ್ಲಿ ಐನೂರೈವತ್ತು ವರ್ಷದ ಹಿಂದೆ ಕ್ರೈಸ್ತ ಸನ್ಯಾಸಿನಿಯರು ಹಾಡುತ್ತಿದ್ದ ಅಟ್ಟದ ಹಲಗೆಗಳನ್ನು ಹೋದ ಶರತ್ಕಾಲದಲ್ಲಿ ಎತ್ತಿದಾಗ ಅಡಿಯ ದೂಳಿನಲ್ಲಿ ಸಿಕ್ಕಿತ್ತು. ಮಠದ ಕೆಲಸದ ಕೋಣೆಯ ಬೀರುವಿನಲ್ಲಿ ಶುಕ್ರವಾರ ಸಂಜೆ ಇದ್ದದ್ದು ಸೋಮವಾರ ಬೆಳಿಗ್ಗೆ ಇರಲಿಲ್ಲ.

"ತೂತು ಬಿದ್ದ ಚರ್ಮ," ಅಂದಳು ಟಿಡೆಮಾನ್.

"ತೂತಲ್ಲ, ಸಂಕೇತ ಲಿಪಿ!" ಪ್ರೊಫೆಸರರು ಮುಖ ಕಿವಿಚಿದರು. "ಮಾತಾಡಬಾರದು ಅಂತ ನಿಯಮ ಇದ್ದ ಹೆಂಗಸರು ಕದ್ದು ಕಳಿಸ್ತಿದ್ದ ಸಂದೇಶ. ಆ ಜೋಡಿ ತೂತೇ ಅದರ ಬೀಗದಕೈ. ಗುರುವಾರ ಪತ್ರಿಕಾಗೋಷ್ಠಿ ಇಟ್ಕೊಂಡಿದೀನಿ. ಶುಕ್ರವಾರ, ಚರ್ಮ ಎಷ್ಟು ಹಳೇದು ಅಂತ ಸುಟ್ಟು ಪರೀಕ್ಷಿಸೋಕೆ, ತುದಿ ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸ್ಬೇಕು. ನಿಮ್ಮಂಥವ್ರಿಗೆ ಹೇಗೆ ಬಿಡಿಸಿ ಹೇಳ್ಲಿ?"

"ನಮ್ಮಂಥವ್ರಿಗೆ ಬೀರುವಿನ ಬೀಗದ ಕೈ ಯಾರ್‍ಯಾರ ಹತ್ರ ಇದೆ ಅಂತ ಹೇಳಿದ್ರೆ ಸಾಕು."

ಮೂರು ಕೈ ಇದ್ದವು: ಒಂದು ಪ್ರೊಫೆಸರರಲ್ಲಿ, ಒಂದು ಮಠಾಧ್ಯಕ್ಷೆಯಲ್ಲಿ, ಒಂದು ಹಳೆ ಬಟ್ಟೆ ರಿಪೇರಿ ಮಾಡುವ ಗೇಜಿನೆ ಮಾರ್ಕ್‌ವಾರ್ಟ್ ಎಂಬಾಕೆಯಲ್ಲಿ. ಮಠದಲ್ಲೀಗ ಸನ್ಯಾಸಿನಿಯರಿಲ್ಲ. ಎಂಟು ಮಂದಿ ಒಂಟಿ ಹೆಂಗಸರು ಅದನ್ನು ನೋಡಿಕೊಂಡು ಅಲ್ಲೇ ವಾಸವಾಗಿದ್ದಾರೆ. ಗೇಜಿನೆ ಅವರಲ್ಲೊಬ್ಬಳು, ವಯಸ್ಸು ಎಪ್ಪತ್ತೊಂದು.

"ಹೊಲಿಗೆ ಅಜ್ಜೀನಾ?" ಪ್ರೊಫೆಸರರು ನಕ್ಕರು. "ಅವಳಿಗೆ ಅದರ ಬೆಲೆ ಏನ್ ಗೊತ್ತು! ಕಾಫಿ ಚೆನ್ನಾಗಿ ಮಾಡ್ತಾಳೆ, ಅಷ್ಟೇ. ಒಟಿಲಿಯೆ ಬ್ರಾಂಡಿಸ್‌ನ ಹಿಡೀರಿ. ಹತ್ತು ವರ್ಷದಿಂದ ನನ್ನ ಮೇಲೆ ಹೊಟ್ಟೆಕಿಚ್ಚು ಅವಳಿಗೆ."

10.05ಕ್ಕೆ ಎಫ್‌ಐಆರ್ ದಾಖಲಾಯಿತು. ಬೇರೆ ವಿಶ್ವವಿದ್ಯಾಲಯದಲ್ಲಿದ್ದ ಡಾಕ್ಟರ್ ಬ್ರಾಂಡಿಸ್‌ಗೆ ಕಾನ್‌ಸ್ಟೇಬಲ್ ಯೋರ್ನ್ ಕ್ನೂಪ್ ಫೋನ್ ಮಾಡಿದ. ಆಕೆ ಮಾತು ಮುಗಿಸಲೂ ಬಿಡಲಿಲ್ಲ.

"ಆ ತೂತಿನ ಪಟ್ಟೀನಾ? ನಾನ್ಯಾಕ್ರೀ ಕದೀಲಿ? ಅದನ್ನ ಹಿಡ್ಕೊಂಡು ಅವ್ನು ಊರೂರು ತಿರುಗ್ಲಿ ಅಂತಾನೇ ನನ್ನ ಆಸೆ."

ಶುಕ್ರವಾರದಿಂದ ಭಾನುವಾರದವರೆಗೆ ಆಕೆ ಲಿಸ್ಬನ್‌ನಲ್ಲಿದ್ದಳು. ಟಿಕೆಟ್ ನೋಡಿ ಕ್ನೂಪ್ ಆ ಹೆಸರನ್ನು ಹೊಡೆದು ಹಾಕಿದ.

ಮಧ್ಯಾಹ್ನ 2.30ಕ್ಕೆ ಮಠದ ಕೆಲಸದ ಕೋಣೆಯಲ್ಲಿ ಪಂಚನಾಮೆ. ಗಾಜಿನ ಬೀರುವಿನ ಬೀಗ ಮುರಿದಿಲ್ಲ. ಪಟ್ಟಿಗೆ ಹೊದಿಸಿದ್ದ ಹತ್ತಿಬಟ್ಟೆ ಒಳಗೇ ಇತ್ತು, ಅಂಚಿಗೆ ಅಂಚು ಕೂಡಿಸಿ ನಾಲ್ಕಾಗಿ ಮಡಚಿಟ್ಟಿದ್ದರು. ಟಿಡೆಮಾನ್ ಆ ಮಡಿಕೆಯನ್ನೇ ಸ್ವಲ್ಪ ಹೊತ್ತು ನೋಡಿದಳು.

"ಕಳ್ಳ ಬಟ್ಟೆ ಮಡಚಿಟ್ಟು ಹೋಗ್ತಾನೇನೋ, ಯೋರ್ನ್?"

"ನಮ್ಮನೇಲಿ ನಾನೇ ಮಡಚಲ್ಲ ಮೇಡಂ."

ಗೇಜಿನೆಯನ್ನು ಅಲ್ಲೇ ಕೂರಿಸಿ ವಿಚಾರಿಸಿದರು. ಪುಟ್ಟ ಮೈಕಟ್ಟಿನ ಹೆಂಗಸು. ಸೂಜಿ ಚುಚ್ಚದಿರಲೆಂದು ಬೆರಳಿಗೆ ತೊಡುವ ಲೋಹದ ಟೋಪಿ ಹಾಕಿಕೊಂಡೇ ಬಂದಿದ್ದಳು.

"ಶನಿವಾರ, ಭಾನುವಾರ ಎಲ್ಲಿದ್ರಿ?"

"ಇಲ್ಲೇ."

"ಏನ್ ಮಾಡ್ತಿದ್ರಿ?"

"ಹೊಲೀತಿದ್ದೆ."

"ಪಟ್ಟಿ ಕಳುವಾಗಿರೋದು ಗೊತ್ತಾ?"

"ಅವ್ರು ಹಾಗಂತಾರೆ."

"ನೀವೇನಂತೀರಿ?"

"ನನ್ನ ಮಾತು ಯಾರಿಗ್ರೀ ಬೇಕು? ಮಾರ್ಚಲ್ಲಿ ಒಂದ್ಸಲ ಹೇಳಿದ್ದೆ. ಅವ್ರ ವಿದ್ಯಾರ್ಥಿಗಳೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕರು."

ಅಷ್ಟು ಹೇಳಿ ಆಕೆ ಎದ್ದಳು. ಬೆಣ್ಣೆಕೇಕಿನ ಎರಡು ತುಂಡು ತಂದಿಟ್ಟಳು. ಕ್ನೂಪ್ ಎರಡನ್ನೂ ತಿಂದ.

ಮಠಾಧ್ಯಕ್ಷೆ ಆಡೆಲ್‌ಹೈಡ್ ಫಾನ್ ರೀಡೆನ್ ಪೊಲೀಸರಿಬ್ಬರನ್ನೂ ಬಾಗಿಲಲ್ಲಿ ತಡೆದು ದನಿ ತಗ್ಗಿಸಿದಳು. "ನಮ್ಮವರ ಮೇಲೆ ಕೇಸಾದ್ರೆ ಮಠದಲ್ಲಿ ಇಟ್ಕೊಳ್ಳೋ ಹಾಗಿಲ್ಲ, ನಿಯಮ. ಗೇಜಿನೆಗೆ ಬೇರೆ ಮನೆ ಇಲ್ಲ ಇನ್ಸ್‌ಪೆಕ್ಟರ್. ಅವ್ಳಿಗೂ ಅದು ಗೊತ್ತು."

ಮೇ 14, ಮಂಗಳವಾರ. ಹಳೆಯ ಬಟ್ಟೆಗೆ ಒಂದೇ ಒಂದು ಹೊಲಿಗೆ ಹಾಕಿದರೂ ದಿನಾಂಕ, ನೂಲು, ಹೊಲಿಗೆಯ ಎಣಿಕೆ ಬರೆದಿಡಬೇಕು ಎಂಬುದು ಆ ಮಠದ ಪದ್ಧತಿ. ಪ್ರೊಫೆಸರರು ಎರಡು ವರ್ಷ ಆ ಕೋಣೆಯಲ್ಲಿ ಕೂತಿದ್ದರೂ ಕೆಲಸದ ಪುಸ್ತಕವನ್ನು ತೆರೆದಿರಲಿಲ್ಲ. 11.40ಕ್ಕೆ ಕ್ನೂಪ್ ತೆರೆದ.

"ಮೇಡಂ, ಇದನ್ನ ಓದಿ."

ನೀಟಾದ ಅಕ್ಷರ. "ಮೇ 11. ಬಾಲಯೇಸುವಿನ ಅಂಗಿ. ಕೆಳ ಅಂಚಿನ ಎಡಭಾಗದ ಪಟ್ಟಿ ಮರಳಿ ಜಾಗಕ್ಕೆ. ರೇಷ್ಮೆ ನೂಲು. ಹಳೆಯ ತೂತುಗಳಲ್ಲೇ, ನಲವತ್ನಾಲ್ಕು ಹೊಲಿಗೆ. ಹೊಸ ತೂತು ಹಾಕಿಲ್ಲ. ಗೇ. ಮಾ."

"ಕದ್ದು ರಸೀದಿನೂ ಬರೆದಿಟ್ಟಿದಾಳೆ," ಅಂದ ಕ್ನೂಪ್.

"ಬರೀದೆ ಇರೋಕೆ ಅವಳ ಕೈಲಿ ಆಗ್ಲಿಲ್ಲ. ನಡಿ."

ಅಟ್ಟದ ಮೇಲಿದ್ದ ಮರದ ಬಾಲಯೇಸು ಮೊಣಕೈಯುದ್ದದ ಗೊಂಬೆ. ಹಿಂದಿನ ಸನ್ಯಾಸಿನಿಯರು ಅದಕ್ಕೆ ಹಬ್ಬಹಬ್ಬಕ್ಕೂ ಬಟ್ಟೆ ಬದಲಿಸುತ್ತಿದ್ದರು. ಕೆಂಪು ಮಖಮಲ್ಲಿನ ಅಂಗಿಯ ಅಂಚು ಮುದುಡದಿರಲೆಂದು ಒಳಗೆ ಹಳೆ ಪುಸ್ತಕದ ಚರ್ಮ ಕೊಯ್ದು ಹೊಲಿದಿದ್ದರು. ಬಲಭಾಗದ ಪಟ್ಟಿ ಐನೂರೈವತ್ತು ವರ್ಷದಿಂದ ಕದಲಿಲ್ಲ. ಎಡಭಾಗದ್ದು ಯಾವಾಗಲೋ ಕಳಚಿ ಹಲಗೆಯ ಸಂದಿಗೆ ಬಿದ್ದಿತ್ತು. ಈಗ ಅದೂ ಜಾಗದಲ್ಲಿದೆ. ಟಿಡೆಮಾನ್ ಭೂತಗನ್ನಡಿ ಹಿಡಿದು ಎಣಿಸಿದಳು. ಬಟ್ಟೆಯ ನಲವತ್ನಾಲ್ಕು ತೂತಿಗೆ ಚರ್ಮದ ನಲವತ್ನಾಲ್ಕು ಸರಿಯಾಗಿ ಕೂತಿದ್ದವು. ಸಂಕೇತವೂ ಇಲ್ಲ, ಸಂದೇಶವೂ ಇಲ್ಲ. ಅದೊಂದು ಅಂಗಿಯ ಅಂಚು.

ಪ್ರೊಫೆಸರರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು.

"ಸಿಕ್ತಲ್ಲ, ಬಿಚ್ಚಿ ಕೊಡಿ!"

"ನೀವು ಈ ಅಂಗಿ ನೋಡಿದ್ರಾ ಸಾರ್, ಇಷ್ಟು ದಿನದಲ್ಲಿ?"

"ಬಟ್ಟೆಬರೆ ನನ್ನ ವಿಷಯ ಅಲ್ಲ."

"ಪಟ್ಟಿ ಸಿಕ್ಕಿದ ಜಾಗದಿಂದ ಇದು ಆರು ಹೆಜ್ಜೆ."

"ನೋಡಿ, ಗುರುವಾರಕ್ಕೆ ನನ್ನ ಪುಸ್ತಕ ಮುನ್ನೂರು ಪ್ರತಿ ಅಚ್ಚಾಗಿದೆ! ಮಂತ್ರಿಗಳು ಬರ್ತಾರೆ!"

"ಬರ್ಲಿ, ಕೇಕ್ ಚೆನ್ನಾಗಿದೆ. ಆದ್ರೆ ಇದು ಸಾಕ್ಷ್ಯದ ವಸ್ತು. ಕೋರ್ಟ್ ಹೇಳೋವರೆಗೆ ಅಂಗಿ ಸಮೇತ ಹೀಗೇ ಸೀಲ್ ಆಗುತ್ತೆ. ಒಂದು ಹೊಲಿಗೆ ಬಿಚ್ಚೋ ಹಾಗಿಲ್ಲ, ತುದಿ ಕತ್ತರಿಸೋ ಹಾಗೂ ಇಲ್ಲ."

ಪ್ರೊಫೆಸರರು ಅಂಗಿಯತ್ತ ಕೈ ಚಾಚಿದರು. ಕ್ನೂಪ್ ಅವರನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಫೋಟೋ ತೆಗೆದ.

ಸಂಜೆ 4.10ಕ್ಕೆ ಗೇಜಿನೆಯ ಬಂಧನ. ಆಕೆ ಕನ್ನಡಕದ ಡಬ್ಬಿ, ಒಂದು ಜೊತೆ ಬಟ್ಟೆ, ಸೂಜಿಪೆಟ್ಟಿಗೆ ತೆಗೆದುಕೊಂಡಳು. ಸೂಜಿಪೆಟ್ಟಿಗೆ ಬಿಡಬೇಕಾಯಿತು. ಬೀಗದ ಕೈಯನ್ನು ಮಠಾಧ್ಯಕ್ಷೆಯ ಅಂಗೈಯಲ್ಲಿಟ್ಟಳು.

ಠಾಣೆಯಲ್ಲಿ ಹೇಳಿಕೆ ಬರೆಸುವಾಗ ಟಿಡೆಮಾನ್ ಕೇಳಿದಳು: "ಅವ್ರು ನಕ್ಕಿದ್ದಕ್ಕೆ ಮಾಡಿದ್ರಾ?"

"ಇದು ಅಂಗಿ ಅಂಚು ಅಂದ್ರೆ, ಹೊಲಿಗೆಯವ್ರಿಗೆ ಎಲ್ಲೆಲ್ಲೂ ಹೊಲಿಗೇನೇ ಕಾಣುತ್ತೆ ಅಂದ್ರು. ಅದಕ್ಕೆ ನಾನೂ ನಕ್ಕೆ. ನಗೋರು ನಗ್ಲಿ ಬಿಡಿ." ಗೇಜಿನೆ ಟೋಪಿಯಿಲ್ಲದೆ ಬರಿದಾದ ಬೆರಳನ್ನು ಉಜ್ಜಿಕೊಂಡಳು. "ಶುಕ್ರವಾರ ಕತ್ತರಿಸ್ಬೇಕು ಅಂತಿದ್ದ ತುದೀಲೇ ಆ ಜೋಡಿ ತೂತು ಇರೋದು. ಈ ಅಂಗಿ ಹೊಲಿದ ಸನ್ಯಾಸಿನಿ ಅಲ್ಲಿ ತಪ್ಪು ಹೊಲಿದಿದ್ಲು ಕಣಮ್ಮ. ಮುಗಿಯೋಕೆ ಇನ್ನೊಂದೇ ಹೊಲಿಗೆ, ಕಣ್ಣು ಸೋತಿರ್ಬೇಕು. ಸೂಜಿ ಜಾರಿದೆ, ಬಿಚ್ಚಿ ಪಕ್ಕದಲ್ಲಿ ಮತ್ತೆ ಹಾಕಿದಾಳೆ. ಅವ್ಳ ಹೆಸರು ಎಲ್ಲೂ ಇಲ್ಲ. ಅವ್ಳು ಅಂತ ಉಳಿದಿರೋದು ಅದೊಂದೇ. ಅದನ್ನೇ ಕೊಯ್ದು ಸುಟ್ಟು ನೋಡ್ತಾರಂತೆ."

"ಮನೆ ಹೋಗುತ್ತೆ ಅಂತ ಗೊತ್ತಿತ್ತು ತಾನೆ?"

"ಗೊತ್ತಿತ್ತು."

ಕ್ನೂಪ್ ಬರೆಯುವುದನ್ನು ನಿಲ್ಲಿಸಿದ್ದ. ಟಿಡೆಮಾನ್ ಅವನತ್ತ ನೋಡಿ, "ಬರ್ಕೋ. ಆಕೆ ಹೇಳಿದ ಹಾಗೇ," ಅಂದಳು.

ಅವನು ಬರೆದುಕೊಂಡ. ಕೊನೆಗೆ ಗೇಜಿನೆ ಹೇಳಿಕೆಯನ್ನು ಪೂರ್ತಿ ಓದಿ, ಒಂದು ಕಡೆ ಬೆರಳಿಟ್ಟಳು. ಅಲ್ಲಿ ನಲವತ್ಮೂರು ಎಂದು ತಪ್ಪಾಗಿತ್ತು, ನಲವತ್ನಾಲ್ಕು ಹೊಲಿಗೆ ಎಂದಾಗಬೇಕು. ಕ್ನೂಪ್ ಹೊಸ ಹಾಳೆ ತೆಗೆಯಲು ಹೋದ.

"ಬೇಡಪ್ಪ," ಅಂದಳು ಆಕೆ. "ಅದು ಹಾಗೇ ಇರ್ಲಿ. ಪಕ್ಕದಲ್ಲಿ ಸರಿಯಾಗಿ ಬರಿ, ಸಾಕು."