ಆಚೆ ದಡದಲ್ಲಿ ಹೇಳಿದ ಮಾತು

“ಬೂಟು ಹೊರಗೆ.”

ಬಾಗಿಲು ತೆರೆದವನ ಮೊದಲ ಮಾತೇ ಅದು. ಸುನ್ನೇವಾ ಬೆಳಗಿನಿಂದ ಕಪ್ಪು ಮರಳಿನ ಬಯಲಿನಲ್ಲಿ ಮಳೆಗೆ ಮುಖ ಕೊಟ್ಟು ನಡೆದು ಬಂದಿದ್ದಳು. ಬೆನ್ನಿನ ಚೀಲ ನೆನೆದು, ಇನ್ನೊಬ್ಬರನ್ನು ಹೊತ್ತಷ್ಟು ಭಾರವಾಗಿತ್ತು.

“ಬೂಟಿನೊಳಗೆ ಅರ್ಧ ಕೆರೆ ಇದೆ. ಅದನ್ನೂ ಹೊರಗೇ ಬಿಡ್ಲಾ?”

“ಕೆರೆ ನಾನು ನೋಡ್ಕೋತೀನಿ. ಕಾಲು ಕೊಡು.”

ಅವನು ನಗಲಿಲ್ಲ. ಆದರೆ ಅವಳ ಮರಗಟ್ಟಿದ ಬೆರಳುಗಳಿಗೆ ಸಿಕ್ಕದೆ ಜಾರುತ್ತಿದ್ದ ಲೇಸನ್ನು ಮೊಣಕಾಲೂರಿ ತಾನೇ ಬಿಚ್ಚಿದ. ಸ್ವಲ್ಪ ಹೊತ್ತಿಗೆ ಅವಳು ಒಲೆಯ ಬಳಿ ಕಾಫಿ ಹಿಡಿದು ಕೂತಾಗ, ಅವನು ಬೂಟುಗಳೊಳಗೆ ಹಳೆಯ ಪೇಪರನ್ನು ಮುದ್ದೆ ಮಾಡಿ ತುರುಕುತ್ತಿದ್ದ. ಒದ್ದೆಯಾದದ್ದನ್ನು ತೆಗೆದು ಮತ್ತೆ ಒಣಗಿದ್ದು ತುಂಬಿದ. ಯಾರೂ ಕೇಳದೆ, ಯಾರಿಗೂ ಹೇಳದೆ.

ಅವನ ಹೆಸರು ಓರ್ರಿ. ಬೇಸಿಗೆಯಲ್ಲಿ ಬೆಟ್ಟದೊಳಗಿನ ಆ ತಂಗುಮನೆಯನ್ನು ನೋಡಿಕೊಳ್ಳುವವರು ಇಬ್ಬರೇ, ಅವನು ಮತ್ತು ಉನ್ನೂರ್. ಉನ್ನೂರ್‌ಗೆ ವಯಸ್ಸಾಗಿತ್ತು. ಮೊಣಕಾಲು ನೋಯುತ್ತದೆ ಎನ್ನುತ್ತ ಎಲ್ಲರಿಗಿಂತ ಮೊದಲು ಏಳುತ್ತಿದ್ದಳು.

“ನಾಳೆ ದಕ್ಷಿಣಕ್ಕೆ ಹೊರಡ್ತೀನಿ,” ಎಂದಳು ಸುನ್ನೇವಾ.

“ನದಿ ಬಿಟ್ರೆ,” ಎಂದ ಓರ್ರಿ.

ನದಿ ಬಿಡಲಿಲ್ಲ. ಹಿಮರಾಶಿಯ ಬುಡದಿಂದ ಇಳಿಯುವ ಬೂದು ನೀರು ಮಳೆಗೆ ಉಕ್ಕಿ, ಕಲ್ಲುಗಳನ್ನು ಉರುಳಿಸುತ್ತ ಹರಿಯುತ್ತಿತ್ತು. ಓರ್ರಿ ದಿನವೂ ಬೆಳಗಾಗುತ್ತಲೇ ಹೋಗಿ ನೋಡಿ ಬಂದು, ತಲೆಯಾಡಿಸುತ್ತಿದ್ದ. ತಂಗುಮನೆಯಲ್ಲಿದ್ದ ಉಳಿದ ಚಾರಣಿಗರು ಬೇಸತ್ತು ಬಂದ ದಾರಿಯಲ್ಲೇ ಉತ್ತರಕ್ಕೆ ಹಿಂತಿರುಗಿದರು. ಸುನ್ನೇವಾ ಉಳಿದಳು. ಸಮುದ್ರದಿಂದ ಸಮುದ್ರದವರೆಗೆ ನಡೆಯುತ್ತೇನೆಂದು ಹೊರಟವಳು ಅರ್ಧಕ್ಕೆ ಹಿಂತಿರುಗುವುದು ಹೇಗೆ? ತನಗೆ ತಾನೇ ಕೊಟ್ಟುಕೊಂಡ ಕಾರಣ ಅದು.

ಓರ್ರಿಯ ಉಣ್ಣೆಯ ಸ್ವೆಟರ್ ಮೊಣಕೈಯಲ್ಲಿ ಹರಿದಿತ್ತು. ಅವಳು ಉನ್ನೂರ್‌ಳಿಂದ ಸೂಜಿ ಕೇಳಿ ಪಡೆದಳು.

“ತೋಳು ಚಾಚು.”

ಅವನು ಸ್ವೆಟರ್ ತೆಗೆಯದೆ, ಅವಳ ಎದುರಿಗೆ ಬೆಂಚಿನ ಮೇಲೆ ತೋಳು ಚಾಚಿ ಕೂತ.

“ಬಿಚ್ಚಿ ಕೊಟ್ರೆ ಬೇಗ ಆಗುತ್ತಲ್ಲ,” ಎಂದಳು ಉನ್ನೂರ್, ಬಾಗಿಲ ಬಳಿಯ ಮೇಜಿನಲ್ಲಿ ರೊಟ್ಟಿಯ ಹಿಟ್ಟು ನಾದುತ್ತ.

“ಚಳಿ.”

“ಒಲೆ ಪಕ್ಕ ಕೂತವನಿಗೆ ಚಳಿಯಂತೆ. ಬಾಗಿಲ ಹತ್ರ ನಿಂತಿರೋ ಈ ಮುದುಕಿಗೆ ಸೆಕೆ.”

ಸುನ್ನೇವಾ ತಲೆ ಬಗ್ಗಿಸಿ ಹೊಲಿದಳು. ಸೂಜಿ ಚರ್ಮಕ್ಕೆ ತಾಗದಿರಲೆಂದು ಹರಿದ ಕಡೆ ತನ್ನ ಎಡಗೈಯ ಎರಡು ಬೆರಳನ್ನು ಒಳಗೆ ತೂರಿಸಿದ್ದಳು. ಅವನ ತೋಳು ಬೆಚ್ಚಗಿತ್ತು, ಒಂದಿಷ್ಟೂ ಅಲುಗಲಿಲ್ಲ. ಒಮ್ಮೆ ಕಣ್ಣೆತ್ತಿದಾಗ ಅವನು ಅವಳ ಕೂದಲಿನ ಬೈತಲೆಯನ್ನು ನೋಡುತ್ತಿದ್ದ. ಸಿಕ್ಕಿಬಿದ್ದವನಂತೆ ಥಟ್ಟನೆ ಕಿಟಕಿಯತ್ತ ತಿರುಗಿದ.

“ಮಳೆ ಕಮ್ಮಿಯಾಗ್ತಿದೆ,” ಎಂದ.

ಅಲ್ಲಿಂದ ಅವಳಿಗೆ ನೆಮ್ಮದಿ ಹೋಯಿತು. ನದಿ ದಾಟಿ ಒಂದು ಹಗಲು ನಡೆದರೆ ದಕ್ಷಿಣದ ಕಡಲು, ಅಲ್ಲಿಂದ ಬಸ್ಸು, ಬಸ್ಸಿಳಿದರೆ ಪೂರ್ವದ ಕಡಲೂರಿನ ಶಾಲೆಯಲ್ಲಿ ಹೊಸ ಕೆಲಸ. ಅವನು ತಂಗುಮನೆ ಮುಚ್ಚಿ ಉತ್ತರಕ್ಕೆ, ತನ್ನ ಮನೆಯ ಕುರಿಗಳ ಬಳಿಗೆ. ಮತ್ತೆ ಇಬ್ಬರೂ ಎದುರಾಗಲು ಯಾವ ನೆಪವೂ ಇರಲಿಲ್ಲ. ನೀನು ಹೋಗುವುದು ನನಗೆ ಇಷ್ಟವಿಲ್ಲ ಎಂದು ಅವನು ಒಂದೇ ಒಂದು ಸಲ ಹೇಳಲಿ, ಅಷ್ಟು ಸಾಕಾಗಿತ್ತು. ಹೇಳದಿದ್ದರೆ ಈ ದಿನಗಳು ಬರೀ ಮಳೆಯ ದಿನಗಳು.

ಮರುದಿನ ಬೆಳಗ್ಗೆ ಅವನು ನದಿಯಿಂದ ಬಂದು ಬಾಗಿಲಲ್ಲೇ ನಿಂತ.

“ನೀರು ಇಳಿದಿದೆ. ಬಿಸಿಲೇರೋ ಮುಂಚೆ ಹೊರಟ್ರೆ ದಾಟಬಹುದು.”

“ಇವತ್ತೇ?”

“ಇವತ್ತೇ. ಮಧ್ಯಾಹ್ನಕ್ಕೆ ಹಿಮ ಕರಗಿ ನೀರು ಮತ್ತೆ ಏರುತ್ತೆ.”

ಇನ್ನೊಂದು ದಿನ ಇರು ಎನ್ನಲು ಒಂದು ಸಣ್ಣ ಸುಳ್ಳು ಸಾಕಿತ್ತು. ಅವನಿಗೆ ಅದೂ ಬೇಡವಾಗಿತ್ತು. ಅವಳು ಚೀಲ ತುಂಬಿದಳು. ಮಡಚಬೇಕಾದದ್ದನ್ನು ಮಡಚದೆ ತುರುಕಿದಳು. ಉನ್ನೂರ್ ಹೊಗೆಯಾಡಿಸಿದ ಕುರಿಮಾಂಸ ಇಟ್ಟ ರೊಟ್ಟಿಯ ದೊಡ್ಡ ಗಂಟೊಂದನ್ನು ಅವಳ ಚೀಲದ ಮೇಲಿಟ್ಟಳು.

“ಇಷ್ಟು ನಾನೊಬ್ಬಳೇ ತಿಂತೀನಾ?”

“ನಡೆಯೋರಿಗೆ ಹಸಿವು ಜಾಸ್ತಿ,” ಎಂದು ಹೇಳಿ ಉನ್ನೂರ್ ಓರ್ರಿಯತ್ತ ತಿರುಗಿದಳು. “ಈ ಮನೆ ನಾನೊಬ್ಬಳೇ ನೋಡ್ಕೊಂಡ ಬೇಸಿಗೆಗಳೂ ಇವೆ ಕಣೋ.”

ಓರ್ರಿ ಅವಳ ಜೊತೆ ದಡದವರೆಗೆ ನಡೆದ.

“ಚೀಲದ ಸೊಂಟಪಟ್ಟಿ ಬಿಚ್ಚು,” ಎಂದ ಓರ್ರಿ. “ಬಿದ್ರೆ ಚೀಲ ಹೋಗಲಿ, ನೀನಿರು.”

“ಗೊತ್ತು. ನಾನೂ ಇದೇ ದೇಶದವಳು.”

“ನನ್ನ ತೋಳು ಹಿಡ್ಕೋ. ನಾನು ಮೇಲ್ಗಡೆ ಇರ್ತೀನಿ.”

ಭಾರವಾದವರು ಪ್ರವಾಹ ಬರುವ ಕಡೆಗೆ ನಿಂತು ನೀರಿನ ಹೊಡೆತ ತಡೆಯಬೇಕು, ಅದು ಪದ್ಧತಿ. ನೀರು ತೊಡೆಗೆ ಬಂತು. ಚಳಿಗೆ ಅವಳ ಉಸಿರು ನಿಂತಿತು. ಅವನು ಒಂದು ಹೆಜ್ಜೆ, ಆಮೇಲೆ ಅವಳು ಒಂದು ಹೆಜ್ಜೆ. ಅವಳ ಕಾಲಡಿ ಕಲ್ಲು ಜಾರಿದಾಗ ಅವನ ತೋಳು ಬಿಗಿಯಾಯಿತು; ಆಚೆ ದಡ ಮುಟ್ಟಿದ ಮೇಲೂ ಸಡಿಲವಾಗಲಿಲ್ಲ.

ತೋಳು ಬಿಡಿಸಿಕೊಂಡವಳು ಅವಳೇ.

“ನನ್ನನ್ನ ಕಳಿಸೋಕೆ ಇಷ್ಟು ಆತುರ ಇತ್ತಾ?”

“ನದಿ ಬಗ್ಗೆ ಸುಳ್ಳು ಹೇಳಬಾರದು, ಸುನ್ನೇವಾ. ಹೇಳಿದ್ದನ್ನ ನಂಬಿ ಜನ ಜೀವ ಪಣಕ್ಕಿಡ್ತಾರೆ.”

“ಬೇರೆ ಏನೂ ಹೇಳೋಕಿರಲಿಲ್ವಾ?”

ಅವನು ಒದ್ದೆ ಪ್ಯಾಂಟಿನಲ್ಲಿ ನಡುಗುತ್ತ ನಿಂತಿದ್ದ.

“ಆ ದಡದಲ್ಲಿ ಹೇಳೋ ಹಾಗಿರಲಿಲ್ಲ. ಮುಂದೆ ನದಿ, ಹೊರಗೆ ಮಳೆ, ಇರೋದೊಂದೇ ಅಡುಗೆಮನೆ. ನಾನು ಹೇಳಿ, ನಿಂಗೆ ಬೇಡ ಅನಿಸಿದ್ರೆ ನೀನು ಎದ್ದು ಎಲ್ಲಿಗೆ ಹೋಗ್ತಿದ್ದೆ? ನನ್ನ ಕೈಯಿಂದಲೇ ಕಾಫಿ ಕುಡಿಬೇಕಿತ್ತು.” ಅವನು ಅವಳ ಬೆನ್ನ ಹಿಂದಿನ ದಾರಿ ತೋರಿಸಿದ. “ಇಲ್ಲಿ ದಾರಿ ಇದೆ. ಬೇಡ ಅನಿಸಿದ್ರೆ ತಿರುಗಿ ನೋಡದೆ ನಡಿ. ಅದಕ್ಕೇ ದಾಟಿಕೊಂಡು ಬಂದೆ.”

“ಇನ್ನೂ ಏನೂ ಹೇಳೇ ಇಲ್ಲ ನೀನು.”

“ನೀನು ಹೋಗೋದು ನಂಗಿಷ್ಟ ಇಲ್ಲ.” ಅವನ ಕಿವಿಗಳು ಕೆಂಪಗಾದವು. “ಹೋದ್ರೆ, ನಿನ್ನ ಹಿಂದೆ ಬರೋಕೆ ಇಷ್ಟ. ನಿನ್ನ ಮೇಲೆ ಪ್ರೀತಿ ಇದೆ. ಅಷ್ಟೇ. ನಂಗೆ ಚಂದಾಗಿ ಹೇಳೋಕೆ ಬರಲ್ಲ.”

ಅವಳು ನದಿಯತ್ತ ನೋಡಿದಳು. ಹಿಮದ ನೆತ್ತಿಯ ಮೇಲೆ ಬಿಸಿಲು ಬಿದ್ದಿತ್ತು.

“ನೀರು ಏರೋಕೆ ಇನ್ನೂ ಟೈಮಿದೆಯಾ?”

“ಸ್ವಲ್ಪ ಇದೆ.”

“ಏರಿದ್ರೆ ನಾಳೆ ಬೆಳಗಿನ ತನಕ ನೀನು ಈಚೆಯೇ ಸಿಕ್ಕಿಹಾಕ್ಕೋತೀಯ.”

“ಹೂಂ.”

“ಹಾಗಾದ್ರೆ ನಾನೂ ಈಗಲೇ ಹೇಳಬೇಕು. ನಿಂಗೆ ವಾಪಸ್ ಹೋಗೋಕೆ ಆಗೋವಾಗಲೇ. ಇಲ್ದಿದ್ರೆ ಅನ್ಯಾಯ.”

ಅವಳು ಚೀಲ ಇಳಿಸಿ ಅವನ ಹತ್ತಿರ ಬಂದಳು. ತಣ್ಣಗೆ ನೀಲಿಗಟ್ಟಿದ ಅವನ ಎರಡೂ ಕೈಗಳನ್ನು ತನ್ನ ಜಾಕೆಟ್ಟಿನೊಳಗೆ ಎಳೆದುಕೊಂಡು, ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು. ಜೋರಾಗಿ ಹೇಳಿದ್ದರೂ ಆ ಬಯಲಿನಲ್ಲಿ ಕೇಳುವವರು ಯಾರೂ ಇರಲಿಲ್ಲ.

ಆಮೇಲೆ ಒಂದು ಬಂಡೆಯ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು, ಭುಜಕ್ಕೆ ಭುಜ ಕೊಟ್ಟು ಕೂತರು. ಬೂದು ನೀರು ಮೊದಲು ಒಂದು ಕಲ್ಲನ್ನು ಮುಳುಗಿಸಿತು, ನಂತರ ಅದರ ಪಕ್ಕದ್ದನ್ನು. ಇಬ್ಬರೂ ನೋಡಿದರು. ಯಾರೂ ಏಳಲಿಲ್ಲ.